ಗುಬ್ಬಿಗೆ ಆನೆಕಾಲು

ಬಂದರಿನ ಷೆಡ್ಡಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಕಾಲು ಚಾಚಿ ಕುಳಿತಿದ್ದರು. ಬಣ್ಣ ಹೊಡೆಯುವವನು ಮೊಬೈಲಿನಲ್ಲಿ ಏನನ್ನೋ ನೋಡುತ್ತ ಒಬ್ಬನೇ ನಗುತ್ತಿದ್ದ.

"ಸೀಟಿನಕ್ಕ, ಬನ್ನಿ ಇಲ್ಲಿ. ನಿಮಗೆ ಹಳೇ ಗಾಡಿ ಅಂದ್ರೆ ಪ್ರಾಣ ಅಲ್ವಾ? ಇದನ್ನ ನೋಡಿ, ಗುಬ್ಬಿಗೆ ಆನೆಕಾಲು ಅಂತೆ!"

ವಾಹನಗಳ ಸೀಟು ಹೊಲಿಯುವುದು ಅವಳ ಕಸುಬು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸೀಟಿನಕ್ಕ. ಇಲ್ಲಿನ ಪ್ರಯಾಣಿಕರ ದೋಣಿಗಳಿಗೆಲ್ಲ ಹೊಸ ಸೀಟು ಹಾಕುವ ಕೆಲಸ ಸಿಕ್ಕಿದ್ದರಿಂದ ವರ್ಷದಿಂದ ಬಂದರಿನ ಹತ್ತಿರವೇ ಒಂದು ಕೋಣೆ ಹಿಡಿದಿದ್ದಳು. ಊರಿನಲ್ಲಿ ಅಮ್ಮ ಮತ್ತು ತಮ್ಮ ಇದ್ದರು. ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬರುತ್ತಿದ್ದಳು.

ಕೈಗಂಟಿದ ಅಂಟನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಅವಳು ಬಗ್ಗಿ ನೋಡಿದಳು.

ಯಾವುದೋ ಕಲ್ಲುಕ್ವಾರಿ. ಗುಂಡುತಲೆಯ ಹಳೆಯ ಪುಟ್ಟ ಕಾರೊಂದು ಕಲ್ಲಿನ ರಾಶಿಯನ್ನು ಹತ್ತುತ್ತಿತ್ತು. ಮೇಲ್ಭಾಗವಷ್ಟೇ ಕಾರು. ಕೆಳಗೆ ಟ್ರಾಕ್ಟರಿಗೆ ಹಾಕುವಂಥ ಟೈರುಗಳು. ಮಡ್‌ಗಾರ್ಡುಗಳನ್ನು ಅರ್ಧಕ್ಕೆ ಕತ್ತರಿಸಲಾಗಿತ್ತು. ಬಾಗಿಲುಗಳೇ ಇರಲಿಲ್ಲ. ಮೂತಿಗೆ ಕಬ್ಬಿಣದ ಪೈಪಿನ ಚೌಕಟ್ಟು, ಹಿಂದೆ ಮುಚ್ಚಳವಿಲ್ಲದೆ ಬೆತ್ತಲಾಗಿ ನಿಂತ ಎಂಜಿನ್. ರಾಶಿಯ ತುದಿಯಲ್ಲಿ ಅದರ ಮುಂದಿನ ಗಾಲಿಗಳು ಗಾಳಿಯಲ್ಲಿ ತೂಗಿದವು, ಆಮೇಲೆ ಇಡೀ ಗಾಡಿ ಆ ಕಡೆಗೆ ಧಡಾರನೆ ಇಳಿದು ಕೆಸರೆರಚಿ ನಿಂತಿತು. ಸುತ್ತ ನಿಂತವರು ಹೋ ಎಂದು ಕೂಗಿದರು. ಓಡಿಸುತ್ತಿದ್ದವರು ಕೆಳಗಿಳಿದು ಹೆಲ್ಮೆಟ್ ತೆಗೆದರು. ನರೆತ ಗಿಡ್ಡ ಕೂದಲು, ಮುಂದಿನ ಹಲ್ಲೊಂದು ಇಲ್ಲದ ಬಾಯಿತುಂಬಾ ನಗು.

ಆ ನಗುವನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು.

ಯಾರೋ ಕೇಳಿದರು: "ಅಮ್ಮಾ, ಈ ವಯಸ್ಸಲ್ಲಿ ಹೆದರಿಕೆ ಆಗಲ್ವಾ?"

"ಕಲ್ಲಿಗೆ ಯಾಕಪ್ಪಾ ಹೆದರಲಿ? ನನಗೆ ಹೆದರಿಕೆ ಇರೋದು ಮಗಳದ್ದು. ಸೀಟು ಹೊಲಿಯೋಳು ಅವಳು. ಇದು ಗೊತ್ತಾದ್ರೆ ನನ್ನ ಚರ್ಮಾನೇ ಸುಲಿದು ಸೀಟಿಗೆ ಹಾಕ್ತಾಳೆ!"

ಜನ ಬಿದ್ದೂ ಬಿದ್ದೂ ನಕ್ಕರು. ಪಕ್ಕದ ಸೀಟಿನಿಂದ ಇಳಿದ ಅವಳ ತಮ್ಮ ಬಾನೆಟ್ಟಿನ ಮೇಲೆ ಕೈಯೂರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಬಣ್ಣದವನೂ ನಕ್ಕ. ಅವಳ ಮುಖ ನೋಡಿ ವಿಡಿಯೊ ನಿಲ್ಲಿಸಿದ. "ಯಾಕಕ್ಕಾ, ಗೊತ್ತಿರೋರಾ?"

"ಇಲ್ಲ," ಎಂದಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. "ಇನ್ನೊಂದು ಸಲ ಹಾಕು."

ಎರಡನೆಯ ಸಲ ಅಮ್ಮನನ್ನು ನೋಡದೆ ಗಾಡಿಯನ್ನು ಮಾತ್ರ ನೋಡಿದಳು. ಹಿಂಬದಿಯ ಗಾಜಿನ ಸುತ್ತ ರಬ್ಬರು ಕೂಡಿಸುವಾಗ ಅಳತೆ ಸಾಲದೆ ಬಲಮೂಲೆಯಲ್ಲಿ ಅವಳೇ ಓರೆಯಾಗಿ ಕತ್ತರಿಸಿ ಸೇರಿಸಿದ್ದ ತುಂಡು ಹಾಗೇ ಇತ್ತು. ಅನುಮಾನವೇ ಉಳಿಯಲಿಲ್ಲ. ಆದರೆ ಕಳೆದ ತಿಂಗಳು ಊರಿಗೆ ಹೋದಾಗ ಷೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತ ಗಾಡಿಯ ಬೆನ್ನು ತಟ್ಟಿ ಬಂದಿದ್ದಳಲ್ಲ? ಹಾಗಾದರೆ ಅವಳು ತಟ್ಟಿದ್ದು ಯಾವುದನ್ನು?

ಆ ಗಾಡಿ ತಮ್ಮನಿಗಿಂತ ಹಳೆಯದು. ಗುಂಡಗೆ ಪುಟ್ಟದಾಗಿದ್ದುದಕ್ಕೆ ಊರವರು ಅದನ್ನು ಗುಬ್ಬಿ ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅದರಲ್ಲೇ ಡ್ರೈವಿಂಗ್ ಕಲಿಸಿ ಇಬ್ಬರು ಮಕ್ಕಳನ್ನು ಸಾಕಿದ್ದಳು. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಊರಿನ ಅರ್ಧ ಜನಕ್ಕೆ ತಿಳಿಸಿಕೊಟ್ಟವಳು ಅವಳು. ಈಗಲೂ ಅವಳು ಬೀದಿಗಿಳಿದರೆ ಬಸ್ಸಿನ ಡ್ರೈವರುಗಳು ಹಾರ್ನ್ ಹೊಡೆದು "ಟೀಚರಮ್ಮಾ" ಎಂದು ಕೈ ಎತ್ತುತ್ತಿದ್ದರು. ಕಲಿಸುವುದು ನಿಂತ ಮೇಲೆ ಗುಬ್ಬಿ ಹಿತ್ತಲಿನಲ್ಲಿ ಗಾಳಿ ಹೋದ ಟೈರಿನ ಮೇಲೆ ಕುಕ್ಕರಿಸಿ ಕೂತುಬಿಟ್ಟಿತ್ತು. ಅದಕ್ಕೆ ಮತ್ತೆ ಜೀವ ಕೊಟ್ಟವಳು ಮಗಳು.

ಕೆಲಸ ಮುಗಿಸಿ ಬಂದು ಸಂಜೆಯೆಲ್ಲ ಅದರ ಜೊತೆಗೇ ಕಳೆಯುತ್ತಿದ್ದಳು. ತುಕ್ಕು ಹಿಡಿದ ಸ್ಪ್ರಿಂಗುಗಳನ್ನು ಬಿಚ್ಚಿ, ಮೊದಲಿದ್ದಂಥದೇ ಕೆನೆಬಣ್ಣದ ಬಟ್ಟೆ ಹುಡುಕಿ, ಅಂಚಿಗೆ ಕೆಂಪು ಪಟ್ಟಿ ಕೊಟ್ಟು ಸೀಟುಗಳನ್ನು ಹೊಲಿದಳು. ಹಳೆಯ ಹೊಲಿಗೆಯ ಓಟವೇ ಬರಬೇಕೆಂದು ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದಳು. ಹೆಡ್‌ಲೈಟಿನ ಸುತ್ತಲ ಬೆಳ್ಳಿಬಣ್ಣದ ಬಳೆಗಾಗಿ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಎಂಜಿನ್ನಿನ ಕೆಲಸಕ್ಕೆ ತಮ್ಮ ಕೈಜೋಡಿಸಿದ. ಅವನು ಕಲ್ಲುಕ್ವಾರಿಯ ಯಂತ್ರಗಳನ್ನು ರಿಪೇರಿ ಮಾಡುವವನು, ಕಬ್ಬಿಣ ಅವನ ಮಾತು ಕೇಳುತ್ತಿತ್ತು. ಗಾಡಿ ಸಿದ್ಧವಾದ ದಿನ ಅಮ್ಮ ಸೀಟಿನ ಮೇಲೆ ಕೈಯಾಡಿಸಿ, "ನನ್ನ ಪ್ರಾಯಾನೇ ವಾಪಸ್ ತಂದ್ಕೊಟ್ಟೆ ಕಣೇ," ಎಂದಿದ್ದಳು.

ಆಮೇಲೆ ಕೆಲವೇ ವಾರಗಳಲ್ಲಿ ಅಮ್ಮ ಎಡಗಡೆಯ ಕನ್ನಡಿಯನ್ನು ನಿಂತ ತಳ್ಳುಗಾಡಿಗೆ ತಾಗಿಸಿದಳು. ಸ್ವಲ್ಪ ದಿನ ಬಿಟ್ಟು ಗೇಟಿಗೆ ತಾಗಿಸಿದಳು. ಮಗಳು ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎಡಗಣ್ಣಿನ ನರ ಒಣಗಿದೆ, ಹೋದ ನೋಟ ಬರುವುದಿಲ್ಲ, ಬಲಗಣ್ಣನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಹಾಕಬೇಕು, ಇನ್ನು ಗಾಡಿ ಓಡಿಸುವ ಮಾತೇ ಬೇಡ ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಮ್ಮ ಅವಳ ಕೈ ಹಿಡಿದುಕೊಂಡಳು.

"ತಮ್ಮನಿಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ. ಊರಿಗೆಲ್ಲ ದಾರಿ ನೋಡೋದು ಕಲಿಸಿದವಳಿಗೆ ಕಣ್ಣಿಲ್ಲ ಅಂತಾಗೋದು ಬೇಡ. ನಿನ್ನೊಬ್ಬಳಿಗೆ ಗೊತ್ತಿದ್ರೆ ಸಾಕು."

ಅವಳು ಒಪ್ಪಿದಳು. ಗಾಡಿಯ ಅಳತೆಗೆ ಸರಿಯಾಗಿ ಮೆತ್ತನೆಯ ಒಳಪದರವಿಟ್ಟು ಒಂದು ಹೊದಿಕೆ ಹೊಲಿದು ಹೊದಿಸಿದಳು. ಬೀಗದಕೈ ತಾನೇ ಇಟ್ಟುಕೊಂಡಳು. ತಮ್ಮ ಕೇಳಿದಾಗ, "ಬಣ್ಣ ಹಾಳಾಗುತ್ತೆ, ಓಡಿಸೋದು ಬೇಡ," ಎಂದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿನಗೆ ಅಮ್ಮನಿಗಿಂತ ಬಣ್ಣ ಹೆಚ್ಚಾಯ್ತಾ?" ಎಂದಿದ್ದ. ಆ ಮಾತನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಅಮ್ಮನಿಗೋಸ್ಕರ ತಾನೇ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಆ ವಾರಾಂತ್ಯ ಯಾರಿಗೂ ತಿಳಿಸದೆ ಬೆಳಗಿನ ಬಸ್ಸಿಗೆ ಊರಿಗೆ ಹೋದಳು.

ಮನೆಗೆ ಬೀಗ ಹಾಕಿತ್ತು. ಎದುರು ಬೇಕರಿಯವನು ಬ್ರೆಡ್ಡಿನ ತಟ್ಟೆ ಹಿಡಿದು ಹೊರಗೆ ಬಂದವನು ಅವಳನ್ನು ಕಂಡು ಕಕ್ಕಾಬಿಕ್ಕಿಯಾದ.

"ಅಯ್ಯೋ, ನೀವು ಇವತ್ತು ಬರ್ತೀರಾ ಅಂತ ಟೀಚರಮ್ಮ ಹೇಳೇ ಇರ್ಲಿಲ್ಲ!"

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಅವನು ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಏನಿಲ್ಲ, ಏನಿಲ್ಲ. ಫೋನ್ ಮಾಡ್ತೀನಿ ಇರಿ ಅವರಿಗೆ."

"ಫೋನ್ ಬೇಡ. ನಿಮಗೂ ಗೊತ್ತು."

ಬೇಕರಿಯವನು ನೆಲ ನೋಡಿದ. "ಬೀದೀಲಿ ಎಲ್ರಿಗೂ ಗೊತ್ತಮ್ಮಾ. ಟೀಚರಮ್ಮ ಬೇಡ ಅಂದಿದ್ರು, ನಾವೇನ್ ಮಾಡೋಣ? ಆದ್ರೆ ಒಂದ್ಮಾತು, ಆ ಹಳೇ ಖುಷಿ ಮತ್ತೆ ಬಂದಿದೆ ಅವರ ಮುಖದಲ್ಲಿ."

ಅವಳು ಪಕ್ಕದ ಓಣಿಯಿಂದ ಷೆಡ್ಡಿಗೆ ಹೋದಳು. ಗುಬ್ಬಿ ಎಂದಿನಂತೆ ಹೊದಿಕೆಯ ಕೆಳಗೆ ನಿಂತಿತ್ತು. ಗುಂಡನೆಯ ಬೆನ್ನು, ಇಳಿಜಾರಿನ ಮೂತಿ, ಎರಡೂ ಬದಿಗೆ ಕನ್ನಡಿಯ ಉಬ್ಬು. ಪ್ರತಿ ಸಲ ಬಂದಾಗಲೂ ಅವಳು ಹೊದಿಕೆ ಎತ್ತಲು ಹೋದರೆ ಅಮ್ಮ ಹಿಂದಿನಿಂದ, "ಧೂಳೆಲ್ಲ ಒಳಗೆ ಹೋಗುತ್ತೆ, ಮಲಗಿರ್ಲಿ ಬಿಡು ಪಾಪ," ಎನ್ನುತ್ತಿದ್ದಳು. ಗಾಡಿಯ ಮೇಲೆ ಅಮ್ಮನಿಗೆ ಎಷ್ಟು ಅಕ್ಕರೆ ಎಂದು ಮಗಳ ಕಣ್ಣು ತುಂಬಿ ಬರುತ್ತಿತ್ತು.

ಹೊದಿಕೆಯನ್ನು ಒಂದೇ ಸಲಕ್ಕೆ ಎಳೆದಳು.

ಅಡಿಯಲ್ಲಿ ಹಳೆಯ ಕಬ್ಬಿಣದ ಮಂಚ. ಅದರ ಮೇಲೆ ಬೋರಲು ಹಾಕಿದ ಪ್ಲಾಸ್ಟಿಕ್ ನೀರಿನ ತೊಟ್ಟಿ. ಅದೇ ಗುಂಡನೆಯ ಬೆನ್ನು. ಮುಂದೆ ಇಳಿಜಾರಾಗಿ ಒರಗಿಸಿದ ಹಲಗೆ. ಕನ್ನಡಿಗಳಿದ್ದ ಜಾಗದಲ್ಲಿ ಸೈಕಲ್ಲಿನ ಹ್ಯಾಂಡಲ್ಲೊಂದನ್ನು ಕಟ್ಟಿದ್ದರು. ಎಷ್ಟು ಜತನದಿಂದ ಮಾಡಿದ್ದರೆಂದರೆ, ಮೂತಿಯ ಉಬ್ಬು ಸರಿಯಾಗಿ ಬರಲೆಂದು ಹಲಗೆಯ ಕೆಳಗೆ ಏನನ್ನೋ ಮಡಚಿ ತುರುಕಿದ್ದರು. ಅವಳು ಬಗ್ಗಿ ಎಳೆದಳು. ಕೆನೆಬಣ್ಣದ ಬಟ್ಟೆ, ಅಂಚಿಗೆ ಕೆಂಪು ಪಟ್ಟಿ. ಅವಳು ಹೊಲಿದ ಸೀಟುಗಳೇ. ಒಂದು ಮೂಲೆಯನ್ನು ಇಲಿ ಕಡಿದು ಒಳಗಿನ ನಾರು ಹೊರಬಂದಿತ್ತು.

ಅಳು ಬರಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ಆ ಸೀಟನ್ನು ತೊಡೆಯ ಮೇಲಿಟ್ಟುಕೊಂಡಳು. ತಿಂಗಳುಗಟ್ಟಲೆ ನೀರಿನ ತೊಟ್ಟಿಯ ಬೆನ್ನು ತಟ್ಟಿದ್ದಳು. ಅವಳು ತಟ್ಟುವಾಗ ಅಮ್ಮ ಪಕ್ಕದಲ್ಲೇ ನಿಂತಿರುತ್ತಿದ್ದಳು. ಅವಳು ಬಸ್ಸು ಹತ್ತಿದ ಮೇಲೆ ಆ ಇಬ್ಬರೂ ಎಷ್ಟು ನಕ್ಕಿರಬೇಕು!

ತನ್ನ ಬಳಿಯಿದ್ದ ಕೀಲಿಯಿಂದ ಮನೆ ತೆರೆದು, ಸೀಟನ್ನು ಒಳಗೆ ತಂದಿಟ್ಟುಕೊಂಡು ಕಾದಳು. ಮಧ್ಯಾಹ್ನ ಕ್ವಾರಿಯ ಜೀಪು ಗೇಟಿನ ಬಳಿ ನಿಂತಿತು. ಅಮ್ಮ, ತಮ್ಮ ಇಬ್ಬರೂ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಜೋರಾಗಿ ಮಾತಾಡುತ್ತ ಬಂದರು. ಬಾಗಿಲಲ್ಲಿ ಅವಳನ್ನೂ ಅವಳ ಪಕ್ಕದಲ್ಲಿದ್ದ ಸೀಟನ್ನೂ ನೋಡಿ ಅಲ್ಲೇ ನಿಂತುಬಿಟ್ಟರು.

"ಯಾವಾಗ ಬಂದೆ?" ಎಂದಳು ಅಮ್ಮ. "ಊಟ ಆಯ್ತಾ?"

"ಗುಬ್ಬಿ ಎಲ್ಲಮ್ಮಾ?"

"ಬಣ್ಣಕ್ಕೆ ಅಂತ ಕೊಟ್ಟಿದ್ದೀವಿ. ಅಲ್ಲಲ್ಲಿ ಸ್ವಲ್ಪ..."

"ವಿಡಿಯೊ ನೋಡಿದೆ ಅಮ್ಮಾ."

ಅಮ್ಮ ಕುರ್ಚಿ ಎಳೆದುಕೊಂಡು ಕುಳಿತಳು. ತಮ್ಮ ಮಾತ್ರ ನಿಂತೇ ಇದ್ದ. ಸಿಕ್ಕಿಬಿದ್ದ ನಾಚಿಕೆ ಒಂದು ಗಳಿಗೆ ಮುಖದ ಮೇಲೆ ಹಾದುಹೋಗಿ ಅಲ್ಲಿ ಸಿಟ್ಟು ಬಂದು ನಿಂತಿತು.

"ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು. ಕದ್ದುಮುಚ್ಚಿ ಮಾಡಿ ನನಗೂ ಸಾಕಾಗಿತ್ತು. ಹೌದು, ಕತ್ತರಿಸಿದೆ. ನಾನೇ ಕತ್ತರಿಸಿದೆ, ಕೀ ಇಲ್ಲದೇನೂ ಸ್ಟಾರ್ಟ್ ಆಗೋ ಹಾಗೆ ಮಾಡಿದೆ. ನೀನು ಗಾಡೀನ ಶೋಕೇಸ್ ಗೊಂಬೆ ಮಾಡಿಟ್ಟೆ, ಜೊತೆಗೆ ಅಮ್ಮನನ್ನೂ. ಕೀ ಕಿತ್ಕೊಂಡು ಬೇರೆ ಊರಿಗೆ ಹೋಗಿ ಕೂತ್ಕೊಂಡೆ. ಅಮ್ಮ ದಿನಾ ಷೆಡ್ಡಿಗೆ ಹೋಗಿ ಹೊದಿಕೆ ಮೇಲೆ ಕೈಯಿಟ್ಕೊಂಡು ನಿಂತಿರ್ತಿದ್ಲು, ಗೊತ್ತಾ ನಿನಗೆ?"

"ನಾನು ಕೀ ಕಿತ್ಕೊಂಡೆ ಅಂತ ಯಾರು ಹೇಳಿದ್ದು?"

"ಇನ್ಯಾರು? ಅಮ್ಮನೇ. 'ನಿನ್ನ ಅಕ್ಕನಿಗೆ ನನ್ನ ಕೈ ಮೇಲೆ ನಂಬಿಕೆ ಇಲ್ಲ, ಬಣ್ಣ ಕೆಡಿಸ್ತೀನಿ ಅಂತ ಮುಟ್ಟೋಕೂ ಬಿಡಲ್ಲ' ಅಂದ್ಲು."

ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮ ಕಾಲಿನ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದಳು, ತಲೆ ಎತ್ತಲಿಲ್ಲ.

ಕತ್ತರಿಸಿದ ಗಾಡಿಗಿಂತ, ಇಲಿ ಕಡಿದ ಸೀಟಿಗಿಂತ ಅವಳಿಗೆ ಈ ಮಾತು ಆಳಕ್ಕೆ ಇಳಿಯಿತು. ಅಮ್ಮನ ಮಾನ ಉಳಿಸಲು ಕೆಟ್ಟವಳೆನಿಸಿಕೊಂಡಿದ್ದಳು. ಆ ಕೆಟ್ಟ ಹೆಸರನ್ನೇ ಅಮ್ಮ ಮಗನ ಮುಂದೆ ಬಂಡವಾಳ ಮಾಡಿಕೊಂಡಿದ್ದಳು. ಬಾಯಿ ತೆರೆದರೆ ಒಂದೇ ಮಾತಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಮಾತು ಕೊಟ್ಟಿದ್ದಳು. ಅವಳು ಎದ್ದು ಅಡುಗೆಮನೆಗೆ ಹೋದಳು.

ಹಿಂದೆಯೇ ಅಮ್ಮ ಬಂದು ಬಾಗಿಲು ಮುಂದಕ್ಕೆ ಮಾಡಿದಳು.

"ಹೇಳ್ಬಿಡ್ತೀಯೇನೋ ಅಂತ ಜೀವ ಬಾಯಿಗೆ ಬಂದಿತ್ತು," ಎಂದಳು ಮೆಲ್ಲಗೆ.

"ನನ್ನ ಮೇಲೆ ಯಾಕಮ್ಮಾ ಹಾಕ್ದೆ?"

"ಅವನಿಗೆ ಏನೋ ಒಂದು ಹೇಳ್ಬೇಕಿತ್ತಲ್ಲೇ. ನೀನು ದೂರ ಇದ್ದೆ. ನಿನಗೆ ತಡ್ಕೊಳ್ಳೋ ಶಕ್ತಿ ಇದೆ."

"ಡಾಕ್ಟರು ಓಡಿಸ್ಬೇಡಿ ಅಂದಿದ್ರು."

"ರಸ್ತೇಲಿ ಬೇಡ ಅಂದಿದ್ರು. ನಾನು ರಸ್ತೇಲಿ ಓಡಿಸಿದ್ನಾ? ಅಲ್ಲಿ ಮಕ್ಕಳು ಮರಿ ಓಡಾಡ್ತಾರೆ, ಯಾರಿಗಾದ್ರೂ ತಾಗಿಸಿದ್ರೆ ಪಾಪ. ಅದಕ್ಕೇ ನಾನೇ ಇವನಿಗೆ ಹೇಳಿದ್ದು, ರಸ್ತೇನೇ ಇಲ್ಲದ ಕಡೆ ಓಡೋ ಹಾಗೆ ಮಾಡ್ಕೊಡು ಅಂತ. ಕಲ್ಲಿಗೆ ತಾಗಿಸಿದ್ರೆ ಕಲ್ಲಿಗೇನು ನೋವಾಗುತ್ತಾ? ಸ್ಟಿಯರಿಂಗ್ ಹಿಡಿದು ಬದುಕಿದವಳು ನಾನು. ಹೊದಿಕೆ ಕೆಳಗೆ ಬದುಕೋದು ನನ್ನಿಂದ ಆಗಲ್ಲ."

"ತಮ್ಮ ನಿನ್ನ ಪಕ್ಕದಲ್ಲೇ ಕೂರ್ತಾನಲ್ಲ?"

"ಹೂಂ. ಕ್ವಾರೀಲಿ ದಾರಿ ಹೇಳೋಕೆ ಒಬ್ಬರು ಬೇಕೇ ಬೇಕು, ಎಲ್ಲ ಗಾಡೀಲೂ ಇರ್ತಾರೆ. ಎಡಕ್ಕೆ ಕಲ್ಲು, ಎಡಕ್ಕೆ ಹಳ್ಳ ಅಂತ ಹೇಳ್ತಾನೆ. ಅವನೇ ನನ್ನ ಎಡಗಣ್ಣು." ಅಮ್ಮ ಸಣ್ಣಗೆ ನಕ್ಕಳು. "ಅವನಿಗೆ ಅದು ಗೊತ್ತಿಲ್ಲ, ಅಷ್ಟೇ."

ಮಗಳಿಗೆ ನಗು ಬರಲಿಲ್ಲ.

"ನಾಳೆ ದೊಡ್ಡ ಓಟ ಇದೆ. ಬೇರೆ ಊರಿನ ಗಾಡಿಗಳೆಲ್ಲ ಬರ್ತವೆ. ಅದೊಂದು ಮುಗೀಲಿ, ಆಮೇಲೆ ನಾನೇ ಅವನಿಗೆ ಹೇಳ್ತೀನಿ. ನಿನ್ನಾಣೆ."

ಅಮ್ಮನ ಆಣೆಯನ್ನು ಇನ್ನು ಹೇಗೆ ನಂಬುವುದು? ಇದೇ ಬಾಯಿ ತಾನೇ ಪ್ರತಿ ತಿಂಗಳು, ಮಲಗಿರ್ಲಿ ಬಿಡು ಪಾಪ, ಎಂದದ್ದು.

ಸಂಜೆ ತಮ್ಮ ಅಂಗಳದಲ್ಲಿ ಕುಳಿತು ಬ್ರೇಕಿನ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಅವಳು ಹತ್ತಿರ ಹೋದರೂ ಮುಖ ತಿರುಗಿಸಿಕೊಂಡೇ ಇದ್ದ. ಆದರೆ ಯಂತ್ರದ ವಿಷಯ ಬಂದರೆ ಅವನಿಗೆ ಬಾಯಿ ಕಟ್ಟಿಕೊಂಡು ಇರಲಾಗದು.

"ಗಾಡಿ ಎಡಕ್ಕೆ ಎಳೀತಿದೆ," ಎಂದ ಕೊನೆಗೆ. "ಮೊನ್ನೆ ಪ್ರಾಕ್ಟೀಸಲ್ಲಿ ಬಾವುಟ ಹಿಡಿದು ನಿಂತವನ ಮೇಲೇ ಹೋಗಿಬಿಡ್ತಿತ್ತು. ನಾನು ಆಗ ಬಗ್ಗಿ ಬೆಲ್ಟ್ ಬಿಗೀತಿದ್ದೆ. ಪುಣ್ಯ, ಅವನು ಹಾರ್ಕೊಂಡ. ಎರಡು ಸಲ ಬಿಚ್ಚಿ ನೋಡಿದೆ, ಬ್ರೇಕಲ್ಲಿ ಎಳ್ಳಷ್ಟೂ ದೋಷ ಕಾಣ್ತಿಲ್ಲ. ಏನಾಗಿದೆಯೋ."

ಅವಳು ಅವನ ಎಣ್ಣೆ ಮೆತ್ತಿದ ಕೈಗಳನ್ನು ನೋಡುತ್ತ ನಿಂತಳು. ಇವನು ಬಿಚ್ಚಿ ಬಿಚ್ಚಿ ಹುಡುಕುತ್ತಿದ್ದ ದೋಷ ಬ್ರೇಕಿನಲ್ಲಿರಲಿಲ್ಲ. ಅದು ಒಳಗೆ ಕುಳಿತು ಟೀ ಕುಡಿಯುತ್ತಿತ್ತು.

ಆದರೂ ಅಲ್ಲಿ ಹೇಳಲಿಲ್ಲ. ಅಮ್ಮನೇ ಹೇಳಲಿ ಎಂದು ಊಟದ ಹೊತ್ತಿನವರೆಗೆ ಕಾದಳು. ಊಟದಲ್ಲಿ ಅಮ್ಮ ನಾಳೆಯ ಏರಿನ ಬಗ್ಗೆಯೇ ಮಾತಾಡಿದಳು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಕಾದಳು. ಅಮ್ಮ ಹಾಡು ಗುನುಗುತ್ತ ಬೂಟಿನ ಲೇಸು ಕಟ್ಟಿಕೊಂಡಳು. ಮೂವರೂ ಜೀಪು ಹತ್ತಿದರು. ಅಕ್ಕ ಬರುತ್ತೇನೆಂದಾಗ ತಮ್ಮನಿಗೆ ಆಶ್ಚರ್ಯವಾಯಿತು. ಒಳಗೊಳಗೇ ಸಂತೋಷವೂ ಆಗಿರಬೇಕು, ಹಿಂದಿನ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿ ಜಾಗ ಮಾಡಿದ.

ಕಲ್ಲು ತೆಗೆದು ಮುಗಿದ ಕ್ವಾರಿ ದೊಡ್ಡ ಬೋಗುಣಿಯಂತಿತ್ತು. ಸುತ್ತಲಿನ ಅಂಚಿನಲ್ಲಿ ಜನ ತುಂಬಿದ್ದರು. ಕೆಳಗೆ ಸುಣ್ಣದ ಗೆರೆ ಎಳೆದು ದಾರಿ ಮಾಡಿದ್ದರು, ತಿರುವು ತಿರುವಿಗೂ ಬಾವುಟ ಹಿಡಿದ ಮನುಷ್ಯರು ನಿಂತಿದ್ದರು. ಗಾಡಿಗಳು ಸಾಲಾಗಿ ಗುರುಗುಡುತ್ತಿದ್ದವು. ಅವುಗಳ ಮಧ್ಯೆ ಅವಳ ಗುಬ್ಬಿ ಇತ್ತು. ಹತ್ತಿರದಿಂದ ನೋಡಿದರೆ ತಮ್ಮನ ಕೆಲಸ ಅಚ್ಚುಕಟ್ಟಾಗಿತ್ತು. ಒಂದೊಂದು ಬೆಸುಗೆಯೂ ಹೊಲಿಗೆಯಷ್ಟು ನೇರ. ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಅಮ್ಮ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡಳು. ಸುತ್ತಲಿನವರು "ಟೀಚರಮ್ಮಾ!" ಎಂದು ಕೂಗಿದರು, ಅವಳು ಬಲಗೈ ಎತ್ತಿದಳು. ಮಗಳು ಬಲಗಡೆ ಅವಳ ಪಕ್ಕಕ್ಕೆ ಹೋಗಿ ಬಗ್ಗಿದಳು.

"ಅಮ್ಮಾ, ಈಗ್ಲಾದ್ರೂ ಹೇಳು."

"ಹೋಗೇ ಅತ್ಲಾಗೆ, ಹೊತ್ತಾಯ್ತು."

"ಆ ತಿರುವಿನಲ್ಲಿ ನಿಂತವರಿಗೂ ಮನೆಮಠ ಇದೆ ಅಮ್ಮಾ."

ಅಮ್ಮ ಮುಂದೆಯೇ ನೋಡುತ್ತಿದ್ದಳು. ತಮ್ಮ ಟೈರಿನ ಗಾಳಿ ನೋಡಿ, ಎಡಗಡೆಯಿಂದ ಬಂದು ಒಳಗೆ ಕಾಲಿಡುವುದರಲ್ಲಿದ್ದ. ಅವಳು ಗಾಡಿಯ ಮೇಲಿನಿಂದ ಅವನನ್ನು ನೋಡಿ ಹೇಳಿಬಿಟ್ಟಳು.

"ಅಮ್ಮನಿಗೆ ಎಡಗಣ್ಣು ಕಾಣಲ್ಲ. ಬ್ರೇಕಲ್ಲಿ ಏನೂ ಆಗಿಲ್ಲ. ಡಾಕ್ಟರು ಓಡಿಸಬಾರದು ಅಂದಿದ್ದಕ್ಕೇ ನಾನು ಕೀ ಇಟ್ಕೊಂಡಿದ್ದು. ನಿನಗೆ ಹೇಳ್ಬೇಡ ಅಂತ ಮಾತು ತಗೊಂಡಿದ್ಲು."

ಅಮ್ಮ ಜೋರಾಗಿ ನಕ್ಕಳು. "ಹುಚ್ಚು ಇವಳಿಗೆ! ಸೀಟು ಹಾಳಾಯ್ತು ಅಂತ ಹೊಟ್ಟೆಕಿಚ್ಚಿಗೆ ಏನೇನೋ ಅಂತಾಳೆ."

ತಮ್ಮ ಅಕ್ಕನನ್ನೂ ಅಮ್ಮನನ್ನೂ ನೋಡಿದ. ಕೈಯಲ್ಲಿದ್ದ ಗ್ಲೌಸನ್ನು ನಿಧಾನವಾಗಿ ಅಮ್ಮನ ಎಡಗೆನ್ನೆಯ ಹತ್ತಿರಕ್ಕೆ ಚಾಚಿದ. ಇನ್ನೂ ಹತ್ತಿರಕ್ಕೆ ತಂದ. ಕೆನ್ನೆಗೂ ಗ್ಲೌಸಿಗೂ ನಡುವೆ ಒಂದು ಬೆರಳು ಹೋಗುವಷ್ಟೇ ಜಾಗ ಉಳಿಯಿತು.

ಅಮ್ಮ ಮುಂದೆಯೇ ನೋಡುತ್ತ, ನಗುತ್ತಲೇ, "ನಮ್ಮ ಸರದಿ ಬಂತು. ಮಾತೇ ಇಲ್ಲ, ಎಲ್ಲಿ ಹೋದ ಇವನು? ಬಂದು ಕೂತ್ಕೋ ಅಂತ ಹೇಳೇ ಅವನಿಗೆ," ಎಂದಳು.

"ಇಲ್ಲೇ ಇದ್ದೀನಿ ಅಮ್ಮಾ," ಎಂದ ತಮ್ಮ.

ಅಮ್ಮ ಬೆಚ್ಚಿ ಕತ್ತು ಪೂರ್ತಿ ತಿರುಗಿಸಿದಳು. ಗ್ಲೌಸು ಅವಳ ಮೂಗಿಗೆ ತಾಗಿತು. ಅವಳ ನಗು ತುಟಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ಆಮೇಲೆ ಹೋಯಿತು.

ಯಾರೋ ಸೀಟಿ ಊದಿದರು. ತಮ್ಮ ಒಳಗೆ ಕೈಹಾಕಿ ಎಂಜಿನ್ ಆರಿಸಿದ. ಸೀಟಿ ಊದಿದವನಿಗೆ ಬರುವುದಿಲ್ಲವೆಂದು ಕೈಯಾಡಿಸಿ ತೋರಿಸಿದ. ಹಿಂದಿನ ಗಾಡಿ ಅವರನ್ನು ಬಳಸಿಕೊಂಡು ಮುಂದೆ ಹೋಯಿತು.

ಅಮ್ಮ ಬೆಲ್ಟ್ ಬಿಚ್ಚಿ ಇಳಿದಳು. ಹೆಲ್ಮೆಟನ್ನು ಸೀಟಿನ ಮೇಲಿಟ್ಟಳು. ಮಗಳ ಮುಂದೆ ನಿಂತು ಮೆಲ್ಲಗೆ, ಯಾರಿಗೂ ಕೇಳದಂತೆ ಹೇಳಿದಳು: "ಅದನ್ನ ನಿನಗೊಬ್ಬಳಿಗೇ ಹೇಳಿದ್ದೆ."

"ಉಳಿದದ್ದು ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೇ ಹೇಳಲಿಲ್ಲ."

ಅಮ್ಮ ಒಬ್ಬಳೇ ಇಳಿಜಾರು ಹತ್ತಿ ಜೀಪಿನ ಕಡೆಗೆ ಹೊರಟಳು. ದಾರಿಯಲ್ಲಿ ಯಾರೋ ಎಡಗಡೆಯಿಂದ ಕೈಕುಲುಕಲು ಬಂದರು. ಅವಳು ನೋಡದೆ ದಾಟಿ ಹೋದಳು. ಟೀಚರಮ್ಮನಿಗೆ ಸಿಟ್ಟು ಬಂದಿದೆ ಎಂದುಕೊಂಡು ಅವರು ಹಿಂದೆ ಸರಿದರು.

ಮಗಳಿಗೆ ಗೆದ್ದಂತೇನೂ ಅನಿಸಲಿಲ್ಲ. ತಮ್ಮನ ಕಡೆಯಿಂದ ಒಂದು ಒಳ್ಳೆಯ ಮಾತು ಬಂದೀತೆಂದು ಮಾತ್ರ ಕಾದಳು. ಅವನು ಟೈರಿನ ಮೇಲೆ ಕುಳಿತು ಗ್ಲೌಸುಗಳನ್ನು ಒಂದರೊಳಗೊಂದು ಮಡಚುತ್ತಿದ್ದ.

"ನಾನು ನಿನ್ನ ಬಗ್ಗೆ ಊರೆಲ್ಲ ಕೆಟ್ಟದಾಗಿ ಆಡ್ಕೊಂಡು ಬಂದೆ," ಎಂದ. "ನೀನು ಅದನ್ನೆಲ್ಲ ಕೇಳ್ಕೊಂಡು ಸುಮ್ನಿದ್ದೆ. ನಾನು ಅಷ್ಟು ಹೊರಗಿನವನಾ ಅಕ್ಕಾ? ಪಕ್ಕದಲ್ಲಿ ಕೂತು ಜೀವ ಒತ್ತೆ ಇಟ್ಟವನು ನಾನು. ನಿಮ್ಮಿಬ್ಬರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ."

ಆ ಕೊನೆಯ ಮಾತನ್ನು ಅವಳು ನಿನ್ನೆಯಿಂದ ತನಗೇ ಹೇಳಿಕೊಳ್ಳುತ್ತಿದ್ದಳು.

ಅಂದೇ ಮಧ್ಯಾಹ್ನದ ಬಸ್ಸಿಗೆ ಅವಳು ಬಂದರಿಗೆ ಹೊರಟಳು. ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡವಳು ತೆರೆಯಲಿಲ್ಲ. "ಹೋಗ್ತಿದ್ದೀನಿ ಅಮ್ಮಾ," ಎಂದರೆ ಒಳಗಿನಿಂದ ಮಂಚ ಕಿರುಗುಟ್ಟಿದ ಸದ್ದಷ್ಟೇ ಬಂತು. ಇಲಿ ಕಡಿದ ಸೀಟನ್ನು ತೆಗೆದುಕೊಂಡು ಹೋಗೋಣವೆಂದು ಒಂದು ಸಲ ಅನಿಸಿತು. ಬಸ್ಸಿನಲ್ಲಿ ಹೊತ್ತು ತರುವಂಥದಲ್ಲ ಎಂದು ಬಿಟ್ಟುಬಂದಳು.

ಆ ಮಳೆಗಾಲ ಕಳೆಯುವವರೆಗೆ ಅಮ್ಮ ಅವಳ ಜೊತೆ ಮಾತಾಡಲಿಲ್ಲ. ಫೋನು ಮಾಡಿದರೆ ತಮ್ಮ ಎತ್ತುತ್ತಿದ್ದ. ಮೊದಲು ಹೂಂ, ಊಹೂಂ ಅಷ್ಟೇ; ಬರಬರುತ್ತಾ ಎರಡು ಮಾತು. ಊರಿಗೆ ವಿಷಯ ಗೊತ್ತಾಯಿತು, ಅಮ್ಮ ಹೆದರಿದಂತೆ ಯಾರೂ ನಗಲಿಲ್ಲ, ಬೇಕರಿಯವನು ದಿನಾ ಅವಳ ಕೈ ಹಿಡಿದು ರಸ್ತೆ ದಾಟಿಸಲು ಬಂದು ದಿನಾ ಬೈಸಿಕೊಂಡು ಹೋಗುತ್ತಾನೆ ಎಂದ. ಗಾಡಿಯನ್ನು ಏನು ಮಾಡಿದೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಣ್ಣದವನು ಮತ್ತೆ ಯಾವುದೋ ಹಳೆಯ ಗಾಡಿಯ ವಿಡಿಯೊ ತೋರಿಸಲು ಬಂದಾಗ ಕೆಲಸವಿದೆ ಎಂದು ಎದ್ದುಹೋದಳು. ಕೆಲವು ಸಂಜೆ ದೋಣಿಯ ಸೀಟಿಗೆ ಸೂಜಿ ಚುಚ್ಚುವಾಗ ಕ್ವಾರಿಯ ಆ ನಗು, ಆ ಜನರ ನಗು ಕಿವಿಗೆ ಬೀಳುತ್ತಿತ್ತು. ಆಗೆಲ್ಲ ದಾರ ಬಿಗಿಯಾಗಿ ಬಟ್ಟೆ ನೆರಿಗೆಗಟ್ಟುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಕತ್ತರಿ ಸಾಣೆ ಹಿಡಿಯುತ್ತಿದ್ದಾಗ ಅಮ್ಮನ ಫೋನು ಬಂತು.

"ತಿಂಡಿ ಆಯ್ತಾ?" ಎಂದಳು ಅಮ್ಮ, ನಿನ್ನೆ ತಾನೇ ಮಾತಾಡಿದವಳಂತೆ.

"ಆಯ್ತು."

"ಅಲ್ಲಿ ಮಳೆ ನಿಂತಿತಾ?"

"ನಿಂತಿದೆ."

ಮಗಳು ಫೋನು ಇಡಲಿಲ್ಲ. ಕೇಳಬೇಕಾದ ಮಾತುಗಳು ಎದೆಯಲ್ಲಿ ಬೇಕಾದಷ್ಟಿದ್ದವು. ಯಾವುದನ್ನೂ ಕೇಳಲು ಮನಸ್ಸಾಗಲಿಲ್ಲ. ಕ್ಷಮಿಸಿದ್ದಾಳೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎಂದೇ ಹೇಳುತ್ತಿದ್ದಳು.

"ಬಲಗಣ್ಣಲ್ಲೂ ಅಂಚು ಸ್ವಲ್ಪ ಮಸುಕು ಅನಿಸ್ತಿದೆ ಕಣೇ, ಒಂದು ವಾರದಿಂದ," ಎಂದಳು ಅಮ್ಮ. "ಯಾರಿಗೂ ಹೇಳಿಲ್ಲ."

"ಡ್ರಾಪ್ಸ್ ಹಾಕ್ತಿದ್ದೀಯಾ?"

"ಹಾಕ್ತಿದ್ದೀನಿ."

"ನಾನು ಈಗ್ಲೇ ತಮ್ಮನಿಗೆ ಫೋನ್ ಮಾಡಿ ಹೇಳ್ತೀನಿ. ಇವತ್ತೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ಲಿ. ನೀನು ಬೇಡ ಅಂದ್ರೂ ಹೇಳ್ತೀನಿ."

"ಹೇಳು," ಎಂದಳು ಅಮ್ಮ. "ಅದಕ್ಕೇ ತಾನೇ ನಿನಗೆ ಹೇಳಿದ್ದು."

ಅವಳು ಕತ್ತರಿಯನ್ನು ಪಕ್ಕಕ್ಕಿಟ್ಟು ತಮ್ಮನ ನಂಬರು ಒತ್ತಿದಳು.